ಸಿಂಹಳದಿಂದ ತಂದ ಉಸಿರು

ಸಿಂಹಳಕ್ಕೆ ಹೋಗಿ ಬಂದೆ ಎಂದರೆ ಸಾಕು, ಹೊನ್ನಾಳಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ನೋಡಿದಿರಾ, ಸೀತಮ್ಮ ಕೂತಿದ್ದ ಅಶೋಕವನ ನೋಡಿದಿರಾ? ನೋಡಲಿಲ್ಲ. ನಾನು ಅದಕ್ಕೆ ಹೋದವಳೇ ಅಲ್ಲ. ನೀರಿನೊಳಗೆ ಉಸಿರಾಡುವ ಒಂದು ಯಂತ್ರ ತರಲು ಹೋಗಿದ್ದೆ, ತಂದೆ. ಹಲ್ಲು ನೋಡದೆ ಬಂದದ್ದಕ್ಕೆ ಮರುಗುವವರು ತಾವೇ ಹೋಗಿ ನೋಡಿಕೊಂಡು ಬರಲಿ.

ಹೊನ್ನಾಳಿ

ನನ್ನ ತವರು ಚನ್ನಗಿರಿ ತಾಲ್ಲೂಕು. ಬಸವಾಪಟ್ಟಣದಲ್ಲಿ ಬಸ್ಸಿಳಿದು ನಡೆದರೆ ಒಂದು ಹಳೆಯ ಕೆರೆ, ಅದರ ಏರಿಯ ಕೆಳಗೆ ನಮ್ಮೂರು. ನಮ್ಮದು ನೀರುಗಂಟಿಗಳ ಮನೆ. ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು, ಕೆರೆಯ ತೂಬು ತೆಗೆಯುವುದು, ಮುಚ್ಚುವುದು ನಮ್ಮ ಪಾಲಿನ ಕೆಲಸ. ತೂಬು ಇರುವುದು ಕೆರೆಯ ತಳದಲ್ಲಿ, ಕಲ್ಲಿನ ಬಾಯಿ, ಅದಕ್ಕೊಂದು ಮರದ ಬಿರಡೆ. ವರ್ಷವಿಡೀ ಬಂದು ಕೂತ ಹೂಳು, ಕೊಳೆತ ಕೊಂಬೆ, ಮುಳ್ಳು ಎಲ್ಲ ಸೇರಿ ಬಿರಡೆಯನ್ನು ಕಚ್ಚಿಕೊಂಡಿರುತ್ತವೆ. ಯಾರಾದರೂ ಮುಳುಗಿ, ಕೈಯಿಂದ ಹೂಳು ಬಗೆದು ಸಡಿಲ ಮಾಡಿ ಬಂದರೆ ಮಾತ್ರ ಮೇಲೆ ನಿಂತವರು ಅದನ್ನು ಎತ್ತಲು ಸಾಧ್ಯ. ಮುಳುಗಿದವನಿಗೆ ಇರುವುದು ಒಂದು ಉಸಿರು. ಅದು ಮುಗಿಯುವುದರೊಳಗೆ ಆದಷ್ಟು ಬಗೆಯಬೇಕು, ಮೇಲೆ ಬಂದು ಇನ್ನೊಂದು ಉಸಿರು ತುಂಬಿಕೊಂಡು ಮತ್ತೆ ಹೋಗಬೇಕು.

ನಮ್ಮಪ್ಪ ಹಾಗೆ ಹೋದವನು ಒಂದು ಸಲ ವಾಪಸು ಬರಲಿಲ್ಲ. ಕೈ ಕೊಂಬೆಗಳ ನಡುವೆ ಸಿಕ್ಕಿಕೊಂಡಿತ್ತು. ಅವನ ನಂತರ ನನ್ನ ತಮ್ಮ ಬಸಣ್ಣ ಇಳಿಯತೊಡಗಿದ. ನಾನು ಸಿಂಹಳಕ್ಕೆ ಹೋಗುವ ಹಿಂದಿನ ಬೇಸಿಗೆಯಲ್ಲಿ ಅವನನ್ನೂ ಹಗ್ಗ ಹಾಕಿ ಎಳೆದು ಏರಿಯ ಮೇಲೆ ಮಲಗಿಸಿದರು. ತುಟಿ ನೀಲಿಯಾಗಿತ್ತು. ಎದೆ ಒತ್ತಿ ಒತ್ತಿ ನೀರು ತೆಗೆದ ಮೇಲೆ ಕಣ್ಣು ಬಿಟ್ಟ. ಬಿಟ್ಟವನು ಏನೆಂದ ಗೊತ್ತೇ? "ಇನ್ನೊಂದ್ಸಲ ಹೋದ್ರೆ ಆಗೋಗ್ತೈತೆ ಅಕ್ಕ." ಕಪಾಳಕ್ಕೆ ಒಂದು ಬಿಟ್ಟೆ. ಅಪ್ಪನನ್ನು ತಿಂದ ತೂಬಿಗೆ ಇವನನ್ನು ಕೊಡುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಇಳಿಯಬೇಡ ಎಂದರೆ ಕೇಳುವ ಜಾತಿಯಲ್ಲ ಅದು. ಹಾಗಾದರೆ ಉಸಿರು ಜೊತೆಗಿಟ್ಟುಕೊಂಡು ಇಳಿಯಲಿ.

ಗಾಳಿಯ ಸಿಲಿಂಡರ್ ಒಂದು ಅವನ ಬಳಿಯೇ ಇತ್ತು. ಕೆಲವು ಕಾಲ ಒಂದು ಅಣೆಕಟ್ಟಿನ ಮುಳುಗುಗಾರರ ಕೈಕೆಳಗೆ ದಡದ ಮೇಲಿನ ಕೆಲಸಕ್ಕೆ ದುಡಿದಿದ್ದ, ಹರಾಜಿನಲ್ಲಿ ಕೊಂಡು ತಂದಿದ್ದ. ತುಂಬಿಸಿಕೊಡಲು ಅಲ್ಲಿನ ಮೆಕ್ಯಾನಿಕ್ ಒಪ್ಪಿದ್ದ. ಇಲ್ಲದ್ದು ರೆಗ್ಯುಲೇಟರ್. ಸಿಲಿಂಡರಿನೊಳಗೆ ಅದುಮಿ ತುಂಬಿದ ಗಾಳಿಯನ್ನು ಹಾಗೇ ಬಾಯಿಗೆ ಬಿಟ್ಟರೆ ಎದೆ ಒಡೆಯುತ್ತದೆ. ಅದನ್ನು ತಗ್ಗಿಸಿ, ನಾವು ಎಳೆದಾಗ ಎಳೆದಷ್ಟು ಮಾತ್ರ ಕೊಡುವ ಯಂತ್ರ ಅದು. ಒಂದು ತುದಿ ಸಿಲಿಂಡರಿಗೆ, ನಡುವೆ ಕೊಳವೆ, ಇನ್ನೊಂದು ತುದಿ ಹಲ್ಲಿನ ನಡುವೆ. ಬೊಂಬಾಯಿಯಲ್ಲಿ ಕಳ್ಳಮಾಲು ಸಿಗುತ್ತದೆ, ಆದರೆ ಹಾಕಿ ನೋಡಲು ಯಾರೂ ಬಿಡುವುದಿಲ್ಲ ಎಂದ ಮೆಕ್ಯಾನಿಕ್. ಸಿಂಹಳದ ತೆಂಕಣ ತೀರದಲ್ಲಿ ಹಿಕ್ಕಡುವ ಎಂಬ ಊರಿದೆ, ಅಲ್ಲಿ ನೀರಿಗಿಳಿದು ನೋಡಿ ಕೊಳ್ಳಬಹುದು ಎಂದೂ ಅವನೇ ಹೇಳಿದ್ದು.

ಬಸಣ್ಣ ಊರು ಬಿಟ್ಟರೆ ಕೆರೆಗೆ ದಿಕ್ಕಿಲ್ಲ. ನಾನು ಹೋಗುತ್ತೇನೆ ಎಂದೆ. ನಾನು ಪ್ರೈಮರಿ ಶಾಲೆಯ ಟೀಚರು, ಭದ್ರಾವತಿಯಲ್ಲಿ ಟ್ರೈನಿಂಗ್ ಮಾಡುವಾಗ ಪಕ್ಕದ ಮನೆಯವರಿಂದ ತಮಿಳು ಕಲಿತವಳು. ಮುಳುಗುವುದನ್ನು ನನಗೂ ಅಪ್ಪನೇ ಕಲಿಸಿದ್ದ, ಮೈನೆರೆದ ಮೇಲೆ ಬಿಡಿಸಿದ್ದ. ಕೆರೆ ಬಿಟ್ಟೆ, ಆದರೆ ಮದುವೆಯಾಗಿ ಬಂದ ಮೇಲೆ ಹೊನ್ನಾಳಿಯ ಹೊಳೆ ಬಿಡಲಿಲ್ಲ. ನಲವತ್ತು ದಾಟಿದ ಹೆಂಗಸು ಒಬ್ಬಳೇ ಸಮುದ್ರ ದಾಟುವುದೇ ಎಂದು ಓಣಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಮ್ಮ ಮನೆಯವರು ದನದ ಸಂತೆಯ ದಲ್ಲಾಳಿ, ಮಾತು ಕಡಿಮೆ. ಹೊರಡುವಾಗ ಹೇಳಿದ್ದು ಇಷ್ಟೇ: "ಎತ್ತಿನ ಬಣ್ಣ ನೋಡಬ್ಯಾಡ, ಕೊಂಬು ನೋಡಬ್ಯಾಡ. ನಮ್ಮ ಹೊಲದಾಗೆ ಹೆಂಗೆ ಎಳೀತೈತೆ ಅಂತ ಹೂಡಿ ನೋಡು."

ರಾಮೇಶ್ವರ, ತಲೈಮನ್ನಾರ್

ಎಂಬತ್ತರ ದಶಕದ ಮೊದಲ ವರ್ಷಗಳು. ಆಗಿನ್ನೂ ರಾಮೇಶ್ವರದಿಂದ ಸಿಂಹಳಕ್ಕೆ ಜನರ ಹಡಗು ಓಡುತ್ತಿತ್ತು. ಹೊಳೆಯವಳು ನಾನು, ನನಗ್ಯಾವ ನೀರಿನ ಭಯ ಎಂದು ಬೀಗಿಕೊಂಡೇ ಹತ್ತಿದೆ. ದಡ ಮರೆಯಾಗುವ ಮುಂಚೆಯೇ ವಾಂತಿ ಶುರುವಾಯಿತು. ಒಂದು ಬಕೀಟು ತಬ್ಬಿಕೊಂಡು ಕೂತವಳು ಮತ್ತೆ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಟೀ ತೋಟದ ಕೆಲಸಕ್ಕೆ ಮರಳುತ್ತಿದ್ದ ತಮಿಳು ಅಜ್ಜಿಯೊಬ್ಬಳು ಒಣಶುಂಠಿ ಕೊಟ್ಟು, ಎಲ್ಲಿಗೆ ಏಕೆ ಎಂದು ವಿಚಾರಿಸಿದಳು. ನೀರಿನಲ್ಲಿ ಮುಳುಗುವ ಸಾಮಾನು ತರಲು ಎಂದೆ. ಅಜ್ಜಿ ನನ್ನನ್ನೂ ಬಕೀಟನ್ನೂ ನೋಡಿ, "ನೀನು ಮುಳುಗ್ತೀಯ?" ಎಂದು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸಿಟ್ಟು ಬಂತು. ಬೈಯೋಣವೆಂದರೆ ಬಾಯಿ ತೆರೆಯುವ ಹಾಗಿರಲಿಲ್ಲ.

ಆಚೆ ದಡದಿಂದ ರೈಲು. ಆ ಜನಕ್ಕೆ ಅವಸರವೆಂಬುದು ಗೊತ್ತಿಲ್ಲ. ನಮ್ಮಲ್ಲಿ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆಯುತ್ತಾರಲ್ಲ, ಅಲ್ಲಿ ನಾನು ಹಾಗೆ ಎಸೆದ ಟವೆಲನ್ನು ಒಬ್ಬರು ಮಡಿಸಿ, ಬಿತ್ತು ನೋಡಿ ಎಂದು ನನ್ನ ಕೈಗೇ ಕೊಟ್ಟರು. ಶಾವಿಗೆಯಂಥ ತಿಂಡಿ, ಕಾಯಿತುರಿಯ ಖಾರ, ಸೊಪ್ಪಿನ ಪಲ್ಯಕ್ಕೂ ಒಣಮೀನಿನ ಪುಡಿ. ಹೊಳೆಮೀನು ತಿಂದು ಬೆಳೆದವಳಿಗೆ ಅಡ್ಡಿಯೇನೂ ಇರಲಿಲ್ಲ. ಖಾರ ಮಾತ್ರ ನಮ್ಮ ಮಿರ್ಚಿಗಿಂತ ಒಂದು ಕೈ ಮೇಲು, ಅದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಸಮಯ ಬೇಕಾಯಿತು.

ಹಿಕ್ಕಡುವ

ಮುಳುಗುವ ಸಾಮಾನಿನ ಅಂಗಡಿ ಇದ್ದದ್ದು ತೆಂಗಿನ ಮರಗಳ ಕೆಳಗೆ, ಸಮುದ್ರಕ್ಕೆ ಬೆನ್ನು ಹಾಕಿ. ಯಜಮಾನನ ಹೆಸರು ಸಿರಿಪಾಲ. ಮುಳುಗಿದ ಹಡಗುಗಳಿಂದ ಸಾಮಾನು ಎತ್ತುವ ಕೆಲಸ ಮಾಡಿ, ವಯಸ್ಸಾದ ಮೇಲೆ ಅಂಗಡಿ ಇಟ್ಟವನು. ತಮಿಳು ಚೆನ್ನಾಗಿ ಬರುತ್ತಿತ್ತು. ನಾನು ರೆಗ್ಯುಲೇಟರ್ ಎಂದು ಬಾಯಿ ಬಿಡುವ ಮುಂಚೆಯೇ ಗಾಜಿನ ತಳದ ದೋಣಿಯತ್ತ ಕೈ ತೋರಿಸಿದ. ಬಂದವರೆಲ್ಲ ಅದರಲ್ಲಿ ಕೂತು, ಕೆಳಗೆ ಬಗ್ಗಿ ಹವಳ ನೋಡುತ್ತಾರಂತೆ.

"ನೀರಿನ ಮ್ಯಾಲೆ ಕುಂತು ನೀರು ನೋಡಾಕೆ ನಾನು ಇಷ್ಟು ದೂರ ಬರಬೇಕಿತ್ತೇನ್ರಿ?" ಎಂದೆ. ನನ್ನ ತಮಿಳೂ ಸುಮಾರಾಗಿ ಇದೇ ಧಾಟಿಯಲ್ಲಿತ್ತು, ಆದ್ದರಿಂದ ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ನಾನು ಟೀಚರು ಎಂದು ಹೇಳಿ, ಬಂದ ಕಾರಣ ಹೇಳಿದೆ. ಅಪ್ಪನದು, ಬಸಣ್ಣನದು, ತೂಬಿನದು ಎಲ್ಲ ಹೇಳಿದೆ. ಕೇಳಿದವನ ಮುಖ ಗಂಭೀರವಾಯಿತು. "ಕಲಿತವರಿಗೆ ಮಾತ್ರ ಮಾರುತ್ತೇನೆ ಟೀಚರ್. ಇದು ಆಟದ ಸಾಮಾನಲ್ಲ," ಎಂದ.

"ಮುಳುಗಿ ತೋರಿಸ್ತೀನಿ. ಆಮೇಲೆ ಮಾತಾಡ್ರಿ."

ಸೀರೆಯನ್ನು ಎತ್ತಿ ಕಚ್ಚೆ ಹಾಕಿ ಬಿಗಿದೆ. ದಡದಲ್ಲಿ ಅರೆಬರೆ ಬಟ್ಟೆಯಲ್ಲಿ ಮಲಗಿದ್ದ ಬಿಳಿಯ ಹೆಂಗಸರೆಲ್ಲ ಎದ್ದು ಕೂತು ನನ್ನನ್ನು ನೋಡಿದರು. ಅವರನ್ನು ನೋಡಿ ನಾನು ನಾಚಿಕೊಳ್ಳಬೇಕಿತ್ತು, ಅವರೇ ನನ್ನನ್ನು ನೋಡುತ್ತಿದ್ದರು. ನೋಡಲಿ ಬಿಡು ಎಂದು ನೀರಿಗಿಳಿದೆ.

ಸಿರಿಪಾಲ ಮೂರು ರೆಗ್ಯುಲೇಟರ್ ತಂದಿದ್ದ. ಒಂದು ಹೊಸದು, ಕನ್ನಡಿಯಂತೆ ಹೊಳೆಯುವಂಥದ್ದು. ಇನ್ನೊಂದು ಸಾದಾ, ಬಿಡಿಭಾಗ ಕಡಿಮೆ, ಬೆಲೆಯೂ ಕಡಿಮೆ. ಮೂರನೆಯದು ಯಾರೋ ಬಳಸಿ ಬಿಟ್ಟದ್ದು, ಎರಡು ಕೊಳವೆಯ ಹಳೆಯ ಮಾದರಿ. ಒಂದೊಂದನ್ನೇ ಸಿಲಿಂಡರಿಗೆ ಸಿಕ್ಕಿಸಿಕೊಟ್ಟ. ಹೊಳೆಯುವುದನ್ನು ಕಚ್ಚಿ ಮುಳುಗಿದೆ. ತಳದ ಮರಳಿನಲ್ಲಿ ಕೂತು, ಬಣ್ಣದ ಮೀನು ನೋಡಿ, ಮೇಲೆ ಬಂದೆ. "ಚೆನ್ನಾಗೈತೆ," ಎಂದೆ. ಸಾದಾದ್ದನ್ನು ಕಚ್ಚಿ ಮುಳುಗಿದೆ. ಬಂದು, "ಇದೂ ಚೆನ್ನಾಗೈತೆ," ಎಂದೆ. ಸಿರಿಪಾಲ ನನ್ನ ಮುಖವನ್ನೇ ನೋಡುತ್ತಿದ್ದ. ಹಳೆಯದನ್ನು ಅವನೇ ಸಿಕ್ಕಿಸಿ, ತಿರುಗಿಸುವುದನ್ನೆಲ್ಲ ತಿರುಗಿಸಿ, ನನ್ನ ಬಾಯಿಗಿಟ್ಟ. ಹೋಗಿ ಬಂದೆ. "ಮೂರೂ ಒಂದೇ ಕಂಡ್ರಿ. ಹಂಗಾರೆ ಕಡಿಮೆ ಬೆಲೆದು ಕೊಡ್ರಿ."

"ಟೀಚರ್," ಎಂದ ಸಿರಿಪಾಲ, "ಮೂರನೆಯದಕ್ಕೆ ನಾನು ಗಾಳಿಯನ್ನೇ ಬಿಟ್ಟಿರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಯಂತ್ರದಿಂದ ಉಸಿರಾಡಿದರೆ ಉಸಿರು ಬಿಟ್ಟಾಗಲೆಲ್ಲ ಗುಳ್ಳೆ ಮೇಲೆ ಬರಬೇಕು. ನನ್ನ ತಲೆಯ ಮೇಲೆ ಒಂದು ಗುಳ್ಳೆಯೂ ಬಂದಿರಲಿಲ್ಲ. ಅನುಮಾನ ಬಂದು ಕೊನೆಯ ಸಲ ಸಿಲಿಂಡರಿನ ಬಾಯಿ ಮುಚ್ಚಿಯೇ ಕಳಿಸಿದ್ದ. ಯಂತ್ರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮೂರು ಸಲವೂ ನಾನು ಉಸಿರು ಕಟ್ಟಿಯೇ ಕೂತು ಬಂದಿದ್ದೆ. ನಮ್ಮಪ್ಪ ಕಲಿಸಿದ ಹಾಗೆ. ನೀರಿನಲ್ಲಿ ಉಸಿರು ತಗಂಡೆ ಅಂದ್ರೆ ಸತ್ತೆ ಎಂದು ಅವನು ನಮ್ಮ ತಲೆಯ ಮೇಲೆ ಮೊಟಕಿ ಮೊಟಕಿ ಕಲಿಸಿದ್ದು ಮೈಯೊಳಗೆ ಕೂತುಬಿಟ್ಟಿತ್ತು.

ಅವಮಾನವಾಯಿತು. ನಾನು ನಗುವ ಮುಂಚೆ ಸಿರಿಪಾಲ ನಗಲಿಲ್ಲ, ಅದು ಅವನ ದೊಡ್ಡತನ. ಆದರೆ ಆಮೇಲೆ ಅವನು ಹೇಳಿದ್ದು ಕೇಳಿ ನಗು ಹಾರಿಹೋಯಿತು. "ನಿಮ್ಮ ತಮ್ಮನೂ ಹೀಗೇ ಮಾಡುತ್ತಾನೆ. ಕೆಳಗೆ ಈ ಯಂತ್ರದಿಂದ ಒಂದು ಉಸಿರು ತಗೊಂಡು, ಅದನ್ನು ಕಟ್ಟಿಕೊಂಡೇ ಮೇಲೆ ಬಂದ ಎಂದಿಟ್ಟುಕೊಳ್ಳಿ. ಮೇಲೆ ಬರಬರುತ್ತ ಗಾಳಿ ಉಬ್ಬುತ್ತದೆ. ಪುಪ್ಪುಸ ಹರಿಯುತ್ತದೆ. ಬರಿಮೈಯಲ್ಲಿ ಮುಳುಗಿದರೆ ಬದುಕಿದರೂ ಬದುಕಿಯಾನು, ಇದನ್ನು ಕಚ್ಚಿಕೊಂಡು ಉಸಿರು ಕಟ್ಟಿದರೆ ಇದರಿಂದಲೇ ಸಾಯುತ್ತಾನೆ."

ದಡಕ್ಕೆ ಬಂದು ಮರಳಿನ ಮೇಲೆ ಕೂತೆ. ಬಸಣ್ಣ ಉಸಿರು ಕಟ್ಟುವುದರಲ್ಲಿ ನಮ್ಮ ಸೀಮೆಗೇ ಹೆಸರಾದವನು. ಅವನನ್ನು ಉಳಿಸಲೆಂದು ಕೊಳ್ಳುವ ಸಾಮಾನು, ಆ ಹೆಸರಿನಿಂದಾಗಿಯೇ ಅವನನ್ನು ಕೊಲ್ಲುತ್ತದೆ. ಬರಿಗೈಯಲ್ಲಿ ಊರಿಗೆ ಹೋಗುವುದೇ? ಹೋದರೆ ಅವನು ಈ ಬೇಸಿಗೆಯಲ್ಲಿ ಮತ್ತೆ ಬರಿಮೈಯಲ್ಲಿ ಇಳಿಯುತ್ತಾನೆ. ಅಲ್ಲಿಗೂ ಸಾವು, ಇಲ್ಲಿಗೂ ಸಾವು. ಎಂಥದೂ ಬೇಡವೆಂದು ಅತ್ತುಬಿಡೋಣ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಬುದ್ಧಿ ಓಡುತ್ತದೆ.

"ನನಗೆ ಉಸಿರಾಡಾಕೆ ಕಲಿಸ್ರಿ," ಎಂದೆ. "ನಾನು ಕಲಿತರೆ ಅವನಿಗೆ ಕಲಿಸ್ತೀನಿ. ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸಿದೋಳು ನಾನು."

ಸೊಂಟದುದ್ದದ ನೀರಿನಲ್ಲಿ ಮಂಡಿಯೂರಿ ಮುಖ ಮುಳುಗಿಸಿದೆ. ಉಸಿರು ಎಳೆ ಎಂದರೆ ಗಂಟಲು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಎದ್ದೆ, ಮತ್ತೆ ಮುಳುಗಿದೆ, ಮತ್ತೆ ಎದ್ದೆ. ಸಿರಿಪಾಲ ನನ್ನ ಬೆನ್ನ ಮೇಲೆ ಕೈಯಿಟ್ಟು ತಟ್ಟುತ್ತಿದ್ದ. ತಟ್ಟಿದರೆ ಎಳೆ, ಬಿಟ್ಟರೆ ಬಿಡು. ಕೊನೆಗೊಮ್ಮೆ, ಅಪ್ಪಾ ನಿನ್ನ ಮಾತು ಮೀರ್ತೀನಿ ಅಂತ ಮನಸ್ಸಿನಲ್ಲೇ ಹೇಳಿ, ಎಳೆದೆ. ಒಣಗಿದ, ತಣ್ಣನೆಯ, ರಬ್ಬರ್ ವಾಸನೆಯ ಗಾಳಿ ಎದೆಗೆ ಬಂತು. ಬಿಟ್ಟೆ. ಗುಳ್ಳೆಗಳು ಕಿವಿಯ ಪಕ್ಕ ಗಳಗಳನೆ ಹೋದವು. ನೀರಿನೊಳಗೆ ಕೂತು ನಾನು ಅತ್ತಿದ್ದು ಸಿರಿಪಾಲನಿಗೆ ಗೊತ್ತಾಗಲಿಲ್ಲ. ಅದೊಂದು ಅನುಕೂಲ ನೀರಿನಲ್ಲಿ.

ನಾರಿನ ಹೊಂಡ

ಉಸಿರಾಡಲು ಬಂದ ಮೇಲೆ ಮೂರರ ಬಣ್ಣವೂ ಬಯಲಾಯಿತು. ಹಳೆಯದು ಪ್ರತಿ ಉಸಿರಿಗೂ ಒಂದು ಗುಟುಕು ಉಪ್ಪುನೀರು ಕುಡಿಸುತ್ತಿತ್ತು. ಅದನ್ನು ಅಲ್ಲೇ ಬಿಟ್ಟೆ. ಹೊಳೆಯುವುದು ಬೆಣ್ಣೆಯ ಹಾಗೆ, ಎಳೆಯುವ ಮುಂಚೆಯೇ ಗಾಳಿ ಬಾಯಲ್ಲಿರುತ್ತಿತ್ತು. ಸಾದಾದ್ದು ಅಷ್ಟು ನಯವಿಲ್ಲ. ಸಿರಿಪಾಲ ಹೊಳೆಯುವುದನ್ನು ಬಟ್ಟೆಯಿಂದ ಒರೆಸುತ್ತ, ಜೀವದ ವಿಷಯದಲ್ಲಿ ಜಿಪುಣತನ ಮಾಡಬಾರದು ಎಂದ. ಮಾತು ಸರಿಯೇ. ಆದರೆ ನಮ್ಮ ಮನೆಯವರ ಮಾತು ನೆನಪಿತ್ತು. ಗಾಜಿನಂಥ ಈ ನೀರು ನಮ್ಮ ಹೊಲವಲ್ಲ.

"ಇಲ್ಲಿ ಹೊಲಸು ನೀರು ಎಲ್ಲೈತ್ರಿ?" ಎಂದು ಕೇಳಿದೆ.

ಆ ಸೀಮೆಯಲ್ಲಿ ಹಗ್ಗ ಹೊಸೆಯಲು ತೆಂಗಿನ ಸಿಪ್ಪೆಯನ್ನು ಹೊಂಡದಲ್ಲಿ ತಿಂಗಳುಗಟ್ಟಲೆ ಕೊಳೆಹಾಕುತ್ತಾರೆ. ಅಂಗಡಿಯ ಹಿಂದಿನ ದಾರಿಯಲ್ಲಿ ಅಂಥದೊಂದು ದೊಡ್ಡ ಹೊಂಡವಿತ್ತು. ಕಪ್ಪು ನೀರು, ಮೂಗು ಬಿಡಲಾಗದ ನಾತ. "ನನ್ನ ಎಮ್ಮೆಯೂ ಅದಕ್ಕೆ ಇಳಿಯುವುದಿಲ್ಲ," ಎಂದ ಸಿರಿಪಾಲ. "ನಿಮ್ಮ ಎಮ್ಮೆ ರೆಗ್ಯುಲೇಟರ್ ಕೊಳ್ಳಲ್ಲ ಬಿಡ್ರಿ," ಎಂದು ಇಳಿದೆ.

ಕಣ್ಣ ಮುಂದೆ ಹಿಡಿದ ಕೈ ಕಾಣದು. ಥೇಟು ನಮ್ಮ ತೂಬು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸಲು ಗಡಿಯಾರದಂಥ ಒಂದು ಮೀಟರ್ ಕೊಟ್ಟಿದ್ದ. ಮೂಗಿಗೆ ತಾಗಿಸಿಕೊಂಡರೂ ಮುಳ್ಳು ಕಾಣಲಿಲ್ಲ. ಗಾಳಿ ತೀರುವಾಗ ಏನಾಗುತ್ತದೆ ನೋಡೋಣವೆಂದು, ಬೇಕೆಂದೇ ಸ್ವಲ್ಪವೇ ಗಾಳಿ ಉಳಿದಿದ್ದ ಸಿಲಿಂಡರ್ ಕೇಳಿ ಪಡೆದಿದ್ದೆ. ಹೊಳೆಯುವ ಯಂತ್ರ ಬೆಣ್ಣೆಯಂತೆ ಕೊಟ್ಟಿತು, ಕೊಟ್ಟಿತು, ಕೊಡುತ್ತಲೇ ಇದ್ದದ್ದು ಒಂದು ಉಸಿರಿಗೆ ಇಲ್ಲ ಎಂದುಬಿಟ್ಟಿತು. ಮುನ್ಸೂಚನೆ ಏನೂ ಇಲ್ಲ. ಹೊಂಡದ ನೀರು ಕುಡಿದು ಕೆಮ್ಮುತ್ತ ಮೇಲೆದ್ದೆ. ಆ ರುಚಿ ನಾಲಿಗೆಯಿಂದ ಹೋಗಲು ಎರಡು ಎಳನೀರು ಬೇಕಾದವು.

ಸಾದಾದ್ದನ್ನೂ ಅಂಥದೇ ಸಿಲಿಂಡರಿಗೆ ಹಾಕಿ ಇಳಿದೆ. ಗಾಳಿ ಕಡಿಮೆಯಾಗುತ್ತ ಬಂದಂತೆ ಅದು ಬಿಗಿಯತೊಡಗಿತು. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಸೇದಲಾಗದ ಬೀಡಿಯ ಹಾಗೆ. ಯಾರೋ ಭುಜ ಮುಟ್ಟಿ, ಸಾಕು ನಡಿ ಮ್ಯಾಲಕ್ಕೆ, ಎಂದಂತಿತ್ತು. ಉಸಿರು ಬಿಡುತ್ತ ನಿಧಾನಕ್ಕೆ ಎದ್ದು ಬಂದೆ. ಅದರೊಳಗೆ ಇನ್ನೂ ನಾಲ್ಕು ಉಸಿರಿನ ಗಾಳಿ ಉಳಿದಿತ್ತು.

"ಇದೇ ಕೊಡ್ರಿ."

"ಬಿಗಿಯುವುದು ಅದರ ದೋಷ ಟೀಚರ್. ಅದಕ್ಕೇ ಬೆಲೆ ಕಡಿಮೆ."

"ನಿಮ್ಮ ನೀರಾಗೆ ದೋಷ. ನಮ್ಮ ನೀರಾಗೆ ಅದೇ ಗುಣ."

ಸಿರಿಪಾಲ ನನ್ನ ಕೈಯಿಂದ ಯಂತ್ರ ತೆಗೆದುಕೊಂಡ. ಆಮೇಲೆ ಒಳಗೆ ಹೋಗಿ ಅದನ್ನು ಬಿಚ್ಚಿ, ತೊಳೆದು, ಯಾವ ರಬ್ಬರ್ ಉಂಗುರ ಎಲ್ಲಿ ಕೂರುತ್ತದೆ ಎಂದು ನನ್ನ ಕೈಯಿಂದಲೇ ಕೂರಿಸಿದ. ಪ್ರತಿ ಸಲ ಕೆಸರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು, ತೊಳೆಯುವಾಗ ಒಳಗೆ ನೀರು ಹೋಗಬಾರದು. ಸವೆಯುವ ಉಂಗುರಗಳನ್ನು ಒಂದು ಡಬ್ಬಿ ತುಂಬ ಕೊಟ್ಟ. ಹೊಳೆಯುವ ಯಂತ್ರಕ್ಕೆ ಹುಷಾರಿಲ್ಲದಿದ್ದರೆ ಕಂಪನಿಗೇ ಕಳಿಸಬೇಕಂತೆ. ಬಸವಾಪಟ್ಟಣದಿಂದ ಯಾವ ಕಂಪನಿಗೆ ಕಳಿಸೋಣ?

ಬೆಲೆಗೆ ಬಂದಾಗ ಟವೆಲ್ ಕೇಳಿದೆ. ತಲೆ ಒರೆಸಿಕೊಳ್ಳಲೆಂದು ಕೊಟ್ಟ. ಅದನ್ನು ಅವನ ಕೈಯ ಮೇಲೆ ಹೊದಿಸಿ, ಅಡಿಯಲ್ಲಿ ಅವನ ಬೆರಳು ಹಿಡಿದು ಅದುಮಿದೆ. ಅವನು ಹೌಹಾರಿ ಕೈ ಎಳೆದುಕೊಂಡ. ಒಳಗಿನಿಂದ ಅವನ ಹೆಂಡತಿ ಇಣುಕಿದಳು. ನಮ್ಮ ದನದ ಸಂತೆಯಲ್ಲಿ ಹೀಗೆ ಬೆರಳಿನಲ್ಲೇ ಬೆಲೆ ಕಟ್ಟುವುದು, ನಾಲ್ಕು ಜನಕ್ಕೆ ಕೇಳಿಸಬಾರದು ಎಂದು ಇಬ್ಬರಿಗೂ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಅರ್ಥವಾದ ಮೇಲೆ ಬೆರಳು ಹಿಡಿದು ಚೌಕಾಸಿ ಮಾಡಿದ್ದು ಆ ಹೆಂಡತಿ. ಗಟ್ಟಿಗಿತ್ತಿ. ಎಷ್ಟಕ್ಕಾಯಿತು ಎಂದು ಮಾತ್ರ ಕೇಳಬೇಡಿ, ಟವೆಲಿನ ಕೆಳಗಿನ ಮಾತು ಅಲ್ಲೇ ಇರಬೇಕು. ನನ್ನ ಕೈಗೆ ನಿಲುಕಿತು.

ಮತ್ತೆ ರಾಮೇಶ್ವರ

ಕಸ್ಟಮ್ಸ್‌ನವರು ಚೀಲದಿಂದ ಯಂತ್ರ ತೆಗೆದು ಮೇಜಿನ ಮೇಲಿಟ್ಟರು. ಯಾರಿಗೆ, ಎಲ್ಲಿಗೆ, ಮಾರಲಿಕ್ಕಾ ಎಂದು ಕೇಳಿದರು. "ಸುಂಕ ಎಷ್ಟೈತೋ ಹಾಕ್ರಿ, ಕಟ್ತೀನಿ," ಎಂದೆ. "ಇಟ್ಕಳಾಕೆ ಮಾತ್ರ ಬಿಡಲ್ಲ. ನನ್ನ ತಮ್ಮನ ಜೀವ ಅದು." ಸಿಟ್ಟಿಗೆ ತಮಿಳು ಮರೆತು ಕನ್ನಡವೇ ಬಂದಿತ್ತು. ಸಾಹೇಬರಿಗೆ ಅದು ಅರ್ಥವಾಗಲಿಲ್ಲ, ನಾನು ಬೆಂಚಿನ ಮೇಲೆ ಕಾಲು ಮಡಿಸಿ ಕೂತದ್ದು ಅರ್ಥವಾಯಿತು. ಸುಂಕ ಹಾಕಿ ಕಳಿಸಿಕೊಟ್ಟರು.

ಊರಿನ ಕೆರೆ

ಬಸಣ್ಣ ಯಂತ್ರವನ್ನು ಹಲ್ಲಿನಲ್ಲಿ ಕಚ್ಚಿ ಕೆರೆಯಂಚಿನ ನೀರಿನಲ್ಲಿ ಮುಳುಗಿದ. ಒಂದು ಗುಳ್ಳೆಯೂ ಬರಲಿಲ್ಲ. ಜುಟ್ಟು ಹಿಡಿದು ಎತ್ತಿದೆ. "ಹೆಂಗೈತೆ?" ಎಂದರೆ "ಭಾಳ ಚೆನ್ನಾಗೈತೆ ಅಕ್ಕ," ಎಂದ. ಬೆನ್ನ ಮೇಲೆ ಕೈಯಿಟ್ಟು ತಟ್ಟುತ್ತ ಅಲ್ಲೇ ಕೂರಿಸಿದೆ. ಅವನ ಗಂಟಲ ಬೀಗ ನನ್ನದಕ್ಕಿಂತ ಬಿಗಿಯಿತ್ತು. ದಿನವೂ ಅದೇ ಪಾಠ. ಗುಳ್ಳೆ ನಿಲ್ಲದೆ ಬರುವವರೆಗೆ, ಉಸಿರು ಬಿಡುತ್ತಲೇ ಮೇಲೆದ್ದು ಬರುವವರೆಗೆ ಅವನನ್ನು ತೂಬಿನ ಹತ್ತಿರ ಸುಳಿಯಗೊಡಲಿಲ್ಲ. ಅಷ್ಟರಲ್ಲಿ ಗದ್ದೆಯವರು ನೀರಿಗಾಗಿ ಗೊಣಗತೊಡಗಿದ್ದರು.

ತೂಬು ತೆಗೆಯುವ ದಿನ ಊರೆಲ್ಲ ಏರಿಯ ಮೇಲಿತ್ತು. ಮೊದಲು ನಾನೇ ಇಳಿದು ಜಾಗ ನೋಡಿ ಬರುತ್ತೇನೆ ಎಂದು ಕಚ್ಚೆ ಕಟ್ಟಿದೆ. ಪಂಚಾಯ್ತಿ ಚೇರ್ಮನ್ನರು ಅಡ್ಡ ಬಂದರು. "ಟೀಚರಮ್ಮ, ತೂಬಿಗೆ ಹೆಣ್ಮಕ್ಕಳು ಇಳಿಯೋ ಪದ್ಧತಿ ಇಲ್ಲ ಕಂಡ್ರಿ."

"ಗಂಡಸರು ಸಾಯೋ ಪದ್ಧತಿ ಐತೇನ್ರಿ?" ಎಂದೆ. ಅವರು ದಾರಿ ಬಿಟ್ಟರು.

ಕಲ್ಲಿನ ಕಂಬ ಹಿಡಿದು ಕೆಳಗಿಳಿದೆ. ಕತ್ತಲೆ. ಕೈಗೆ ಹೂಳು, ಕೊಂಬೆ, ಆಮೇಲೆ ತೂಬಿನ ಕಲ್ಲು ಸಿಕ್ಕಿತು. ಅಪ್ಪ ಸಿಕ್ಕಿಕೊಂಡದ್ದು ಇಲ್ಲಿ. ಗಂಟಲು ಮತ್ತೆ ಮುಚ್ಚಿಕೊಳ್ಳಲು ನೋಡಿತು. ಬಿಡಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಉಸಿರು ಎಳೆದೆ, ಬಿಟ್ಟೆ. ಕೊಂಬೆಗಳು ಯಾವ ಕಡೆಗಿವೆ ಎಂದು ತಡವಿ ತಿಳಿದುಕೊಂಡು ಮೇಲೆ ಬಂದು, ಬಸಣ್ಣನಿಗೆ ಹೇಳಿ, ಸಿಲಿಂಡರ್ ಅವನ ಬೆನ್ನಿಗೆ ಕಟ್ಟಿದೆ.

ಅವನು ಹೋದ. ಗುಳ್ಳೆಗಳು ಬರುತ್ತಿದ್ದವು. ಕಿತ್ತ ಕೊಂಬೆಗಳು ಒಂದೊಂದಾಗಿ ತೇಲಿ ಬಂದವು. ಬಿರಡೆ ಸಡಿಲವಾಯಿತೆಂದು ಹಗ್ಗ ಎಳೆದು ಸೂಚನೆ ಕೊಟ್ಟ. ಇನ್ನು ಅವನು ದೂರ ಸರಿದು ಮೇಲೆ ಬಂದರೆ ಬಿರಡೆ ಎತ್ತಬಹುದು. ಬರಲಿಲ್ಲ. ಏರಿಯ ಮೇಲಿದ್ದ ಹೆಂಗಸೊಬ್ಬಳು ಬಿಕ್ಕತೊಡಗಿದಳು, ಇನ್ನೊಬ್ಬಳೂ ಶುರು ಮಾಡಿದಳು. ನಾನು ಗುಳ್ಳೆ ನೋಡುತ್ತ ನಿಂತೆ. ಅವು ಒಂದೇ ಜಾಗದಲ್ಲಿ, ಸಮನಾಗಿ, ಅವಸರವಿಲ್ಲದೆ ಬರುತ್ತಿದ್ದವು.

ಬಹಳ ಹೊತ್ತಿನ ಮೇಲೆ ತಲೆ ಮೇಲೆ ಬಂತು. ಬಾಯಿಂದ ಯಂತ್ರ ತೆಗೆದು ನಕ್ಕ.

"ಕೆಲಸ ಮುಗಿದು ಎಷ್ಟೊತ್ತಾತು. ಅಲ್ಲೇನು ಮಾಡ್ತಿದ್ದೆ?"

"ಸುಮ್ನೆ ಕುಂತಿದ್ದೆ ಅಕ್ಕ. ಅಪ್ಪ ಹೋದ ಜಾಗದಾಗೆ ಕುಂತ್ಕಳಾಕೆ ಒಂದಿನಾನೂ ಟೈಮು ಸಿಕ್ಕಿರ್ಲಿಲ್ಲ."

ನಮ್ಮ ಮನೆಯಲ್ಲಿ ತೂಬಿಗೆ ಇಳಿದವರು ತಡ ಮಾಡಿದರೆ ಅಳುವುದಷ್ಟೇ ರೂಢಿ. ಅವತ್ತು ನಾನು, ತಡ ಮಾಡಿ ಬಂದವನನ್ನು ಊರವರೆಲ್ಲರೆದುರು ಬಾಯ್ತುಂಬ ಬೈದೆ.